ಸಾರ್ವಜನಿಕರು ಗಾಬರಿಯಾಗಬೇಕಾಗಿಲ್ಲ

ಸುಳ್ಳು ಹೇಳಬಾರದು ಅಂತ ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಡುತ್ತಾರೆ. ಆ ಪಾಠವನ್ನು ಯಾವ ವಯಸ್ಸಿಗೆ ಮರೆಯಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಬುದ್ಧಿವಂತರು ತಾವಾಗಿಯೇ ತಿಳಿದುಕೊಳ್ಳುತ್ತಾರೆ. ಭಾವಮೈದ ತಿಳಿದುಕೊಂಡಿರಲಿಲ್ಲ.

ನಾಲ್ಕು ಅಂತಸ್ತಿನ ಆ ಕಟ್ಟಡದಲ್ಲಿ ಎಲ್ಲರೂ ಅವನನ್ನು 'ಕಾರ್ಯದರ್ಶಿಗಳ ಭಾವಮೈದ' ಅಂತ ಕರೆಯುತ್ತಿದ್ದರು. ಅವನ ಭಾವ ನಿವಾಸಿಗಳ ಸಂಘದ ಕಾರ್ಯದರ್ಶಿ, ಅದಕ್ಕೆ. ಆಮೇಲೆ ಉದ್ದವಾಯಿತು ಅಂತ ಮೊದಲರ್ಧ ಬಿದ್ದುಹೋಗಿ ಬರೀ ಭಾವಮೈದ ಉಳಿಯಿತು. ಹೀಗಾಗಿ ಅವನು ಇಡೀ ಕಟ್ಟಡಕ್ಕೇ ಭಾವಮೈದ. ಅಷ್ಟು ಜನ ಅಕ್ಕಂದಿರನ್ನು ಪಡೆದಿದ್ದರೂ ಅನ್ನ ಹಾಕುತ್ತಿದ್ದವಳು ಒಬ್ಬಳೇ.

ಮೂವತ್ತು ದಾಟಿದ ಗಂಡಸು ಅಕ್ಕನ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಮಲಗುವ ಸ್ಥಿತಿಗೆ ಬಂದದ್ದು ಸೋಮಾರಿತನದಿಂದಲ್ಲ. ಕೆಲಸಗಳು ಸಿಗುತ್ತಿದ್ದವು, ನಿಲ್ಲುತ್ತಿರಲಿಲ್ಲ. ಚಪ್ಪಲಿ ಅಂಗಡಿಯಲ್ಲಿದ್ದಾಗ ಒಬ್ಬ ಹೆಂಗಸು ಬಿಗಿಯಾದ ಜೋಡೊಂದನ್ನು ಮೆಟ್ಟಿಕೊಂಡು, "ನಡೀತಾ ನಡೀತಾ ಸಡಿಲ ಆಗುತ್ತಲ್ವಾ?" ಅಂತ ಕೇಳಿದ್ದರು. "ಸಡಿಲ ಆಗಲ್ಲ ಮೇಡಂ, ನಿಮಗೆ ನೋವು ಅಭ್ಯಾಸ ಆಗುತ್ತೆ," ಅಂದಿದ್ದ. ಲಾಡ್ಜಿನ ಕೌಂಟರಿನಲ್ಲಿದ್ದಾಗ, ರೂಮಿನಲ್ಲಿ ಗಲಾಟೆ ಇಲ್ಲ ತಾನೇ ಅಂತ ಕೇಳಿದ ಗಿರಾಕಿಗೆ, ಹಿಂದಿನ ಗಿರಾಕಿ ಹಾಸಿಗೆ ಹೊತ್ತುಕೊಂಡು ಬಂದು ಕಾರಿಡಾರಿನಲ್ಲಿ ಮಲಗಿದ್ದನ್ನು ವಿವರವಾಗಿ ಹೇಳಿದ್ದ. ಕೊನೆಯದು ಬಟ್ಟೆ ಒಗೆಯುವ ಮೆಷಿನ್ ಕಂಪನಿಯ ದೂರು ವಿಭಾಗ. ಫೋನಿನಲ್ಲಿ ಗೋಳಾಡುತ್ತಿದ್ದವರಿಗೆಲ್ಲ "ಹೌದು ಸಾರ್, ನಮ್ಮಕ್ಕನ ಮನೇದೂ ಹಾಗೇ ಮಾಡುತ್ತೆ" ಅಂತ ಸಮಾಧಾನ ಹೇಳುತ್ತಿದ್ದ. ಜನ ಅವನ ಜೊತೆ ಮಾತಾಡಲು ಮತ್ತೆ ಮತ್ತೆ ಫೋನ್ ಮಾಡತೊಡಗಿದ ಮೇಲೆ ಕಂಪನಿಯವರಿಗೆ ಗೊತ್ತಾಯಿತು.

"ಇವನ ಕೈಕಾಲು ಸರಿಯಾಗಿವೆ. ಬಾಯಿ ಒಂದು ರಿಪೇರಿ ಆಗಬೇಕು," ಅಂದರು ಭಾವ. ಅವರು ಸಿಮೆಂಟ್ ಡೀಲರೊಬ್ಬರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದರು. ಯಾವುದನ್ನೂ ಹಾಗೇ ಬಿಡದೆ ಬಿರುಕು ಮುಚ್ಚುವ ಸ್ವಭಾವ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸಾರ್ವಜನಿಕ ಸಂಪರ್ಕದ ತರಬೇತಿ ನಡೆಯುತ್ತಿತ್ತು. ಭಾವಮೈದನನ್ನು ಕರೆದುಕೊಂಡು ಹೋಗಿ ಸೇರಿಸಿಯೇ ಬಂದರು. "ಇದೇ ಕೊನೆ. ಇದೂ ಆಗಲಿಲ್ಲ ಅಂದ್ರೆ ಆಮೇಲೆ ನನ್ನನ್ನ ಏನೂ ಕೇಳಬೇಡ," ಅಂತ ಮೆಟ್ಟಿಲಿಳಿಯುವಾಗ ಹೇಳಿದರು. ಅಕ್ಕ ಅವತ್ತು ಊಟಕ್ಕೆ ಕೂತಾಗ ಇಬ್ಬರ ಮುಖವನ್ನೂ ನೋಡಲಿಲ್ಲ.

ತರಬೇತಿ ಕೊಡುತ್ತಿದ್ದ ಮೇಡಂ ಸದಾ ನಗುತ್ತಿದ್ದರು. ಕೆಳಗೆ ಟೈರ್ ಸಿಡಿದಾಗಲೂ ಆ ನಗು ಅಲುಗುತ್ತಿರಲಿಲ್ಲ. ಮೊದಲ ಹದಿನೈದು ದಿನದ ಪಾಠವೇ ಅದು. ಬೇರೆ ವಿದ್ಯಾರ್ಥಿಗಳು ಎರಡೇ ದಿನದಲ್ಲಿ ಕಲಿತರು. ಭಾವಮೈದ ನಕ್ಕರೆ ಹಲ್ಲುನೋವಿನವನು ಡಾಕ್ಟರಿಗೆ ಬಾಯಿ ತೆರೆದು ತೋರಿಸಿದಂತೆ ಕಾಣುತ್ತಿತ್ತು. ಕನ್ನಡಿಯ ಮುಂದೆ ನಿಂತು ದವಡೆ ನೋಯುವ ತನಕ ಅಭ್ಯಾಸ ಮಾಡಿದ. ನಗು ಬಂತು. ಆದರೆ ಬಂದದ್ದು ಹೋಗಲಿಲ್ಲ. ಸ್ವಲ್ಪ ಗಾಬರಿಯಾದರೆ ಸಾಕು, ಅವನ ಅಪ್ಪಣೆ ಕೇಳದೆ ಮುಖದ ಮೇಲೆ ಬಂದು ಕೂತುಬಿಡುತ್ತಿತ್ತು.

ಆಮೇಲಿನ ಪಾಠಗಳು ಇನ್ನೂ ಕಷ್ಟ. ಏನು ಕೇಳಿದರೂ 'ಗೊತ್ತಿಲ್ಲ' ಅನ್ನಬಾರದು. ಕೆಟ್ಟದ್ದರ ಹೆಸರನ್ನು ನಮ್ಮ ಬಾಯಿಂದ ಎತ್ತಬಾರದು. ಎದುರಿಗಿರುವವರು ಉರಿಯುತ್ತಿದ್ದರೆ ಮೊದಲು ಅವರ ಆತಂಕ ನಮಗೆ ಅರ್ಥವಾಗಿದೆ ಅನ್ನಬೇಕು, ಅರ್ಥವಾಗದಿದ್ದರೂ. ಭಾವಮೈದ ಇವನ್ನೆಲ್ಲ ಹುಡುಗರು ಮಗ್ಗಿ ಕಲಿತಂತೆ ಬಾಯಿಪಾಠ ಮಾಡಿದ. ಮೇಡಂಗೆ ಅವನ ಮೇಲೆ ಕನಿಕರ ಹುಟ್ಟಿತು. "ಶನಿವಾರದ ಪರೀಕ್ಷೆಯಲ್ಲಿ ಪಾಸಾಗಿಬಿಡಿ, ಕಣ್ಣಾಸ್ಪತ್ರೆಯವರಿಗೆ ಒಬ್ಬರು ಬೇಕಂತೆ. ನಿಮ್ಮ ಹೆಸರೇ ಹೇಳ್ತೀನಿ," ಅಂದರು.

ಪರೀಕ್ಷೆ ಬಾಯಿಮಾತಿನದು. ಒಂದು ಅನಾಹುತ ಆಗಿದೆ ಅಂತ ಇಟ್ಟುಕೊಳ್ಳಬೇಕು. ಅದಕ್ಕೆ ಸಂಬಂಧಪಟ್ಟ ಸಂಸ್ಥೆಯ ವಕ್ತಾರ ತಾನು ಅಂದುಕೊಂಡು ಜನರನ್ನು ಸಮಾಧಾನಪಡಿಸಬೇಕು. ಅನಾಹುತವನ್ನು ಅವರವರೇ ಆರಿಸಿಕೊಳ್ಳಬಹುದು, ಸುತ್ತಮುತ್ತ ನೋಡಿದ್ದಾದರೆ ಒಳ್ಳೆಯದು. ಭಾವಮೈದ ಅಕ್ಕನ ಮನೆಯ ಕಿಟಕಿಯಿಂದ ಸುತ್ತಮುತ್ತ ನೋಡಿದ. ಎದುರು ಕಟ್ಟಡದ ತಾರಸಿಯ ಮೇಲೆ ನೀರಿನ ಟ್ಯಾಂಕ್ ಕಂಡಿತು. ಟ್ಯಾಂಕಿಗೆ ಏನೋ ಬಿದ್ದಿದೆ ಅಂತ ಇಟ್ಟುಕೊಂಡರಾಯಿತು ಅಂದುಕೊಂಡ. ಹೀಗೆ ನೋಡುವಾಗ ಒಂದು ಮೋಡವೋ ಮರವೋ ಕಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಅಕ್ಕ ಅಂಚೆ ಕಚೇರಿಯ ಕೆಲಸಕ್ಕೆ ಹೊರಡುವಾಗ ಕೇಳಿದಳು. "ಒಬ್ಬನೇ ಮಾತಾಡಿಕೊಂಡ್ರೆ ಏನು ಬರುತ್ತೋ? ಅಕ್ಕಪಕ್ಕದವರಿಗೆ ಹೇಳ್ತೀನಿ, ಬಂದು ನಾಲ್ಕು ಪ್ರಶ್ನೆ ಕೇಳ್ತಾರೆ. ನಿಂಗೂ ಧೈರ್ಯ ಬರುತ್ತೆ."

"ಹೇಳಕ್ಕ," ಅಂದ ಭಾವಮೈದ.

ಗೇಟು ದಾಟುವಷ್ಟರಲ್ಲಿ ಬಸ್ಸು ಬಂತು. ಅಕ್ಕ ಓಡಿದಳು. ಅಕ್ಕಪಕ್ಕದವರ ಸುದ್ದಿ ಅವಳ ತಲೆಯಿಂದ ಅಲ್ಲೇ ಉದುರಿಹೋಯಿತು.

ದನಿ ಸಭಾಂಗಣದಲ್ಲಿ ಕೇಳಿದ ಹಾಗೆ ಕೇಳಬೇಕು ಅಂತ ಮೇಡಂ ಹೇಳಿದ್ದರು. ಆ ಮನೆಯಲ್ಲಿ ಸಭಾಂಗಣದ ಹಾಗೆ ಮೊಳಗುವ ಜಾಗ ಬಚ್ಚಲುಮನೆ ಒಂದೇ. ಭಾವಮೈದ ಟವೆಲ್ ಸುತ್ತಿಕೊಂಡು ಒಳಗೆ ಹೋಗಿ, ಬಕೆಟ್ಟನ್ನು ಪತ್ರಕರ್ತರು ಅಂತ ಭಾವಿಸಿ ಗಂಟಲು ಸರಿಮಾಡಿಕೊಂಡ.

"ಟ್ಯಾಂಕಿನಲ್ಲಿ ಬಿದ್ದಿದ್ದನ್ನು ಈಗಾಗಲೇ ಹೊರತೆಗೆಯಲಾಗಿದೆ. ನೀರು ಕುಡಿಯಲು ಸಂಪೂರ್ಣ ಯೋಗ್ಯವಾಗಿದೆ. ಸಾರ್ವಜನಿಕರು ಗಾಬರಿಯಾಗಬೇಕಾಗಿಲ್ಲ."

ಸಪ್ಪೆ ಅನಿಸಿತು. ಸ್ವಲ್ಪ ದುಃಖ ಬೆರೆಸಿ ಇನ್ನೊಮ್ಮೆ ಹೇಳಿದ. ಆಮೇಲೆ ಗಡಸಾಗಿ ಹೇಳಿದ. ಕೊನೆಗೆ ಮೇಡಂ ಮೆಚ್ಚುವ ಹಾಗೆ ನಗುನಗುತ್ತಾ ಹೇಳಿದ.

ಆ ಬಚ್ಚಲಿನ ಗವಾಕ್ಷಿ ಗಾಳಿಗೆಂದು ಕಟ್ಟಡದ ನಡುವೆ ಬಿಟ್ಟಿದ್ದ ಕಿರಿದಾದ ಸಂದಿಗೆ ತೆರೆಯುತ್ತಿತ್ತು. ಎಲ್ಲ ಮನೆಗಳ ಬಚ್ಚಲು, ಅಡುಗೆಮನೆಗಳ ಕಿಟಕಿಗಳೂ ಅದಕ್ಕೇ ತೆರೆದಿದ್ದವು. ಸರಿಯಾಗಿ ಕೆಳಗಿನ ಮನೆಯಲ್ಲಿ ಟೈಲರಮ್ಮ ನಲ್ಲಿ ತಿರುಗಿಸಿ ಒಂದು ಲೋಟ ನೀರು ಹಿಡಿದು, ಅರ್ಧ ಕುಡಿದಿದ್ದರು. ಉಳಿದರ್ಧ ಲೋಟದಲ್ಲೇ ಉಳಿಯಿತು. ಕಾರ್ಯದರ್ಶಿಗಳ ಮನೆಯಿಂದ, ಟ್ಯಾಂಕಿನ ಬಗ್ಗೆ, ಮೊದಲು ಅಳುತ್ತಾ, ಆಮೇಲೆ ಗದರುತ್ತಾ, ಕೊನೆಗೆ ನಗುತ್ತಾ ಒಬ್ಬ ಗಂಡಸು ಮಾತಾಡಿದ್ದನ್ನು ಅವರು ಕಿವಿಯಾರೆ ಕೇಳಿದರು. ಆ ನಗು ಕೇಳಿದ ಮೇಲೇ ನಾನು ಲೋಟ ಕೆಳಗಿಟ್ಟದ್ದು ಅಂತ ಆಮೇಲೆ ಎಲ್ಲರಿಗೂ ಹೇಳಿದರು.

ಭಾವಮೈದ ಬಟ್ಟೆ ಹಾಕಿಕೊಳ್ಳುವಷ್ಟರಲ್ಲಿ ಬಾಗಿಲು ಬಡಿದರು. ಟೈಲರಮ್ಮ ನಿಂತಿದ್ದರು. ಹಿಂದೆ ಮೂರನೇ ಅಂತಸ್ತಿನ ಹೆಡ್‌ಮಾಸ್ಟರು. ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಅವರು ಇಡೀ ಕಟ್ಟಡವನ್ನು ಹಿಂದಿನ ಬೆಂಚಿನ ಹುಡುಗರನ್ನು ನೋಡಿದಂತೆಯೇ ನೋಡುತ್ತಿದ್ದರು. ಕಾರ್ಯದರ್ಶಿ ಆಗಬೇಕಾಗಿದ್ದದ್ದು ತಾನು ಅನ್ನುವುದು ಅವರ ಹಳೆಯ ಅಭಿಪ್ರಾಯ.

"ಟ್ಯಾಂಕಿನ ವಿಷಯ ಕೇಳೋಣ ಅಂತ ಬಂದ್ವಿ," ಅಂದರು ಟೈಲರಮ್ಮ.

ಭಾವಮೈದನ ಎದೆ ತುಂಬಿತು. ಅಕ್ಕ ಮಾತು ಉಳಿಸಿಕೊಂಡಿದ್ದಳು. ಅದರಲ್ಲೂ ಹೆಡ್‌ಮಾಸ್ಟರಂಥವರನ್ನು ಒಪ್ಪಿಸಿ ಕಳಿಸಿದ್ದಳು. ಅವನು ನೆಟ್ಟಗೆ ನಿಂತು ಕೈ ಜೋಡಿಸಿದ. ನಗು ತಾನಾಗಿ ಬಂತು.

"ಮೊದಲನೆಯದಾಗಿ, ನಿಮ್ಮ ಆತಂಕ ನಮಗೆ ಪೂರ್ತಿ ಅರ್ಥವಾಗುತ್ತದೆ."

"ಏನು ಬಿದ್ದಿತ್ತು?" ಅಂದರು ಹೆಡ್‌ಮಾಸ್ಟರು.

"ಏನು ಬಿದ್ದಿತ್ತು ಅನ್ನೋದಕ್ಕಿಂತ ಎಷ್ಟು ಚೆನ್ನಾಗಿ ತೆಗೆದ್ವಿ ಅನ್ನೋದು ಮುಖ್ಯ ಸಾರ್."

"ಜೀವ ಇದ್ದದ್ದಾ?"

ಗೊತ್ತಿಲ್ಲ ಅನ್ನಬಾರದಲ್ಲ. ಭಾವಮೈದ ಒಂದು ಕ್ಷಣ ಯೋಚಿಸಿದ. "ಒಂದು ಕಾಲದಲ್ಲಿ," ಅಂದ.

ಟೈಲರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಯಾವಾಗ ಬಿದ್ದದ್ದು?"

ಇಲ್ಲಿ ಪ್ರಾಮಾಣಿಕತೆ ತೋರಿಸಿದರೆ ಜನರ ವಿಶ್ವಾಸ ಗಳಿಸಬಹುದು ಅಂತ ಪಾಠದಲ್ಲಿತ್ತು. "ನಿಮ್ಮ ಹತ್ತಿರ ಮುಚ್ಚಿಡಲ್ಲ ಸಾರ್. ಕಳೆದ ವಾರವೇ ನಮ್ಮ ಗಮನಕ್ಕೆ ಬಂದಿತ್ತು. ಅನಗತ್ಯ ಗೊಂದಲ ಬೇಡ ಅಂತ ಆಡಳಿತ ಸುಮ್ಮನಿತ್ತು."

"ಆಡಳಿತ ಅಂದ್ರೆ ನಿಮ್ಮ ಭಾವ."

ಹೆಡ್‌ಮಾಸ್ಟರು ಪಾತ್ರದಲ್ಲಿ ಎಷ್ಟು ಆಳಕ್ಕೆ ಇಳಿದಿದ್ದಾರೆ ಅಂತ ಭಾವಮೈದನಿಗೆ ಬೆರಗಾಯಿತು. "ಕೊನೆಯ ಜವಾಬ್ದಾರಿ ಯಾವಾಗಲೂ ಮೇಲಿನವರದ್ದೇ ಸಾರ್," ಅಂದ.

"ಒಂದು ವಾರದಿಂದ ನನ್ನ ಮಗೂಗೆ ಅದೇ ನೀರು ಕುಡಿಸ್ತಿದ್ದೀನಲ್ಲಪ್ಪ," ಅಂತ ಟೈಲರಮ್ಮ ಅಳಲು ಶುರುಮಾಡಿದರು. ನಿಜವಾದ ಕಣ್ಣೀರು. ಭಾವಮೈದನಿಗೆ ತಡೆಯಲಾಗಲಿಲ್ಲ.

"ನೀವು ಬಹಳ ಚೆನ್ನಾಗಿ ಮಾಡ್ತಿದ್ದೀರಿ," ಅಂದ.

ಟೈಲರಮ್ಮ ಅಳುವುದನ್ನು ನಿಲ್ಲಿಸಿ ಅವನನ್ನೇ ನೋಡಿದರು. ಆಮೇಲೆ ಇಬ್ಬರೂ ಮೆಟ್ಟಿಲಿಳಿದು ಹೋದರು. ಬದುಕಿನಲ್ಲಿ ಮೊದಲ ಸಲ ಒಂದು ಪ್ರಶ್ನೆಗೂ ತಡವರಿಸದೆ ಉತ್ತರ ಕೊಟ್ಟ ಸಂತೋಷದಲ್ಲಿ ಭಾವಮೈದ ಒಂದು ನಿದ್ದೆ ತೆಗೆದ.

ಎಚ್ಚರವಾದದ್ದು ನೀರಿನ ಸದ್ದಿಗೆ. ಗೋಡೆಯೊಳಗಿನ ಕೊಳವೆಗಳಲ್ಲೆಲ್ಲ ಭೋರೆಂದು ನೀರು ಇಳಿಯುತ್ತಿತ್ತು. ಹೊರಗೆ ಬಂದು ನೋಡಿದರೆ ಪ್ರತಿ ಮನೆಯವರೂ ಕೊಡ, ಬಿಂದಿಗೆ, ಪಾತ್ರೆ ಎಲ್ಲವನ್ನೂ ಮೋರಿಗೆ ಬಗ್ಗಿಸುತ್ತಿದ್ದರು. ಮೆಟ್ಟಿಲ ಮೇಲೆ ಅಂಗಡಿಯಿಂದ ತಂದ ನೀರಿನ ಕ್ಯಾನುಗಳು ಸಾಲುಸಾಲಾಗಿ ಹತ್ತುತ್ತಿದ್ದವು. ಎರಡನೇ ಅಂತಸ್ತಿನವರು ಮನೆಯವರನ್ನೆಲ್ಲ ಕರೆದುಕೊಂಡು ಡಾಕ್ಟರ ಹತ್ತಿರ ಹೊರಟಿದ್ದರು. ಏನಾಗಿದೆ ಅಂತ ಕೇಳಿದ್ದಕ್ಕೆ, "ಇನ್ನೂ ಏನೂ ಆಗಿಲ್ಲ, ಆಗುತ್ತೆ," ಅಂದರು.

ಭಾವಮೈದನಿಗೆ ಆಗ ಎಲ್ಲ ಅರ್ಥವಾಯಿತು. ಅವನು ಟೈಲರಮ್ಮನ ಬಾಗಿಲಿಗೆ ಓಡಿದ.

"ಅಮ್ಮಾ, ಟ್ಯಾಂಕಿಗೆ ಏನೂ ಬಿದ್ದಿಲ್ಲ. ಅದು ಪರೀಕ್ಷೆಗೆ ಅಂತ ನಾನು ಅಭ್ಯಾಸ ಮಾಡ್ತಿದ್ದೆ."

"ಬೆಳಿಗ್ಗೆ ಬಿದ್ದಿದೆ ಅಂದ್ರಿ."

"ಅದು ಸುಳ್ಳು."

"ಹಾಗಾದ್ರೆ ನೀವು ಸುಳ್ಳು ಹೇಳೋರು."

"ಅಲ್ಲಮ್ಮ, ಆಗ ಹೇಳಿದ್ದು ಸುಳ್ಳು. ಈಗ ಹೇಳ್ತಿರೋದು ನಿಜ." ಇಷ್ಟು ಹೇಳುವಾಗ ಗಾಬರಿಗೆ ಆ ದರಿದ್ರ ನಗು ಬಂದು ಮುಖದ ಮೇಲೆ ಕೂತಿತು. ಟೈಲರಮ್ಮ ಬಾಗಿಲು ಹಾಕಿಕೊಂಡರು.

ಸಂಜೆ ಭಾವ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಸಭೆ ಸೇರಿತ್ತು. ಮೇಲಿನ ಮೆಟ್ಟಿಲಲ್ಲಿ ಹೆಡ್‌ಮಾಸ್ಟರು ನಿಂತಿದ್ದರು. ಭಾವಮೈದ ಭಾವನಿಗೂ ಅಕ್ಕನಿಗೂ ಎಲ್ಲ ಹೇಳಿದ್ದ. ಅಕ್ಕ ನಾಲಿಗೆ ಕಚ್ಚಿಕೊಂಡಿದ್ದಳು. ಭಾವ ಹಣೆ ಒತ್ತಿಕೊಂಡು, "ಆಗಿದ್ದಾಯ್ತು, ನಾನು ಮಾತಾಡ್ತೀನಿ," ಅಂತ ಹೊರಗೆ ಬಂದಿದ್ದರು.

"ನೋಡಿ, ಇದು ಬರೀ ಅಭ್ಯಾಸ. ಹುಡುಗ ಸಾರ್ವಜನಿಕ ಸಂಪರ್ಕ ಕಲೀತಿದ್ದಾನೆ," ಅಂದರು ಭಾವ.

"ಅದೇ ನಾವು ಹೇಳ್ತಿರೋದು," ಅಂದರು ಹೆಡ್‌ಮಾಸ್ಟರು. "ಇಂಥ ಕಷ್ಟಕ್ಕೆ ಆಗಲಿ ಅಂತಲೇ ನೀವು ಅವನನ್ನ ಅಲ್ಲಿಗೆ ಸೇರಿಸಿದ್ದು. ಅಲ್ಲಿ ಕಲಿಸೋದೇ ಇದ್ದದ್ದನ್ನ ಇಲ್ಲ ಅನ್ನೋದು."

"ಸಾರ್, ಇಲ್ಲದ್ದನ್ನ ಇಲ್ಲ ಅಂತ ಹೇಗೆ ಹೇಳಬೇಕು, ನೀವೇ ಹೇಳಿಕೊಡಿ," ಅಂದ ಭಾವಮೈದ. ಅವನು ಕೇಳಿದ್ದು ನಿಜವಾಗಿಯೂ ತಿಳಿದುಕೊಳ್ಳುವುದಕ್ಕೆ. ಜನ ಅದನ್ನು ಉದ್ಧಟತನ ಅಂದುಕೊಂಡರು.

ಟ್ಯಾಂಕ್ ತೆಗೆದು ತೋರಿಸುವುದು ಅಂತಾಯಿತು. ಎಲ್ಲರೂ ತಾರಸಿಗೆ ಹತ್ತಿದರು. ಭಾವ ಎಳೆದ ಕೂಡಲೇ ತುಕ್ಕು ಹಿಡಿದ ಬೀಗ ಕಳಚಿ ಬಂತು; ಮುಚ್ಚಳ ಸರಿಸಿ ಟಾರ್ಚ್ ಬಿಟ್ಟರು. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ತಿಳಿಯಾದ ನೀರು, ತಳದ ಸಿಮೆಂಟು ಕಾಣುವಷ್ಟು ತಿಳಿ. ಒಂದು ಎಲೆ ಕೂಡ ಇರಲಿಲ್ಲ.

ಭಾವಮೈದನಿಗೆ ಹೋದ ಜೀವ ಬಂದಂತಾಯಿತು. "ನೋಡಿದ್ರಲ್ಲ, ಏನೂ ಇಲ್ಲ."

"ಹೇಗಿರುತ್ತೆ?" ಅಂದರು ಟೈಲರಮ್ಮ. "ಹೊರಗೆ ತೆಗೆದಾಯ್ತು ಅಂತ ಬೆಳಿಗ್ಗೆ ನೀವೇ ಹೇಳಿದ್ರಲ್ಲ."

ಎಲ್ಲರೂ ತಲೆಯಾಡಿಸಿದರು. ನೀರಿನಲ್ಲಿ ಏನೂ ಇಲ್ಲದ್ದೇ ಸಾಕ್ಷಿಯಾಗಿ ನಿಂತಿತು. ಏನಾದರೂ ಸಿಕ್ಕಿದ್ದರೆ, ಇದು ಈಗ ಬಿದ್ದದ್ದು ಅಂತ ವಾದಿಸಬಹುದಿತ್ತೇನೋ. ಏನೂ ಸಿಗದ ಮೇಲೆ ಯಾವ ವಾದಕ್ಕೂ ಜಾಗ ಉಳಿಯಲಿಲ್ಲ.

ಕತ್ತಲಾಗುವ ಮೊದಲು ಬಿದ್ದದ್ದು ಬೆಕ್ಕು ಅಂತ ಆಗಿತ್ತು. ಊಟದ ಹೊತ್ತಿಗೆ ಅದು ಬೆಳೆದು ನಾಯಿಯಾಗಿತ್ತು. ಕಟ್ಟಡದಲ್ಲಿ ಅವತ್ತು ಯಾರೂ ಅಡುಗೆ ಮಾಡಲಿಲ್ಲ. ಹೊರಗಿನಿಂದ ತರಿಸಿಕೊಂಡು ತಿಂದರು. ಅಂಗಡಿಗೆ ಹೋಗಿ ಬರುವಾಗ ಮೆಟ್ಟಿಲಲ್ಲಿ ಎದುರಾದ ಅಕ್ಕನನ್ನು ಕಂಡು ಪಕ್ಕಕ್ಕೆ ಸರಿದು ನಿಂತರು. ಅಕ್ಕ ಆ ಕಟ್ಟಡದಲ್ಲಿ ಯಾರದೇ ಮಗು ಹುಟ್ಟಲಿ, ಯಾರಿಗೇ ಜ್ವರ ಬರಲಿ ಮೊದಲು ಹೋಗಿ ನಿಲ್ಲುವವಳು. ಅವಳು ಒಳಗೆ ಬಂದು ಚೀಲವನ್ನು ಮೊಳೆಗೆ ಸಿಗಿಸಿ ಅಲ್ಲೇ ಗೋಡೆಗೆ ಹಣೆ ಇಟ್ಟು ನಿಂತದ್ದನ್ನು ಭಾವಮೈದ ನೋಡಿದ. ಬೈದಿದ್ದರೆ ಎಷ್ಟೋ ವಾಸಿ ಅನಿಸಿತು.

ಶುಕ್ರವಾರ ಬೆಳಿಗ್ಗೆ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ಹೆಡ್‌ಮಾಸ್ಟರು ಫೋನ್ ಮಾಡಿದ್ದರು. ಇನ್ಸ್‌ಪೆಕ್ಟರು ದಣಿದ ಮನುಷ್ಯ. ತಾರಸಿ ಹತ್ತುವುದರೊಳಗೆ ಮೂರು ಕಡೆ ನಿಂತರು. ಚಿಕ್ಕ ಬಾಟಲಿಯೊಂದಕ್ಕೆ ಟ್ಯಾಂಕಿನ ನೀರು ತುಂಬಿಸಿ ಮುಚ್ಚಳ ಹಾಕಿ, ಭಾವಮೈದನನ್ನು ಕರೆದರು.

"ಏನು ಬಿದ್ದಿತ್ತು?"

"ಏನೂ ಬಿದ್ದಿರಲಿಲ್ಲ ಸಾರ್."

"ಏನೂ ಬಿದ್ದಿಲ್ಲ ಅಂತ ಯಾರೂ ದೂರು ಕೊಡಲ್ಲಪ್ಪ. ನಾನು ಇಲಾಖೆಯಲ್ಲಿ ಇಷ್ಟು ವರ್ಷ ಇದ್ದೀನಿ, ಅಂಥ ದೂರು ನೋಡಿಲ್ಲ. ನಗಬೇಡ."

"ನಗ್ತಿಲ್ಲ ಸಾರ್."

"ನಗ್ತಿದ್ದೀಯ." ಇನ್ಸ್‌ಪೆಕ್ಟರು ಭಾವನ ಕಡೆ ತಿರುಗಿದರು. "ಈ ಟ್ಯಾಂಕಿನ ಮುಚ್ಚಳ ತೆಗೆಯೋದು, ಹಾಕೋದು ಯಾರು?"

"ವಾಚ್‌ಮನ್."

"ಕರೀರಿ."

"ಅವನು ರಜೆ ಮೇಲೆ ಊರಿಗೆ ಹೋಗಿದ್ದಾನೆ."

"ಯಾವಾಗ?"

ಭಾವ ಬೆರಳು ಮಡಿಸಿ ಲೆಕ್ಕ ಹಾಕಿದರು. "ಕಳೆದ ವಾರ."

ಒಬ್ಬರು ಟ್ಯಾಂಕನ್ನು ನೋಡಿದರು. ಇನ್ನೊಬ್ಬರು ಭಾವನನ್ನು ನೋಡಿದರು. 'ಒಂದು ಕಾಲದಲ್ಲಿ' ಅನ್ನುವ ಮಾತನ್ನು ಟೈಲರಮ್ಮ ಮೆಲ್ಲಗೆ, ತನಗೆ ತಾನೇ ಹೇಳಿಕೊಂಡರು. ಆಮೇಲೆ ಗೋಡೆ ಹಿಡಿದು ಕೂತರು.

"ಅವನಿಗೊಂದು ಫೋನ್ ಮಾಡಿ," ಅಂದರು ಇನ್ಸ್‌ಪೆಕ್ಟರು. ಭಾವ ಮಾಡಿದರು. ವಾಚ್‌ಮನ್‌ನ ಫೋನ್ ಸ್ವಿಚ್ ಆಫ್ ಆಗಿತ್ತು. ಇನ್ನೊಮ್ಮೆ ಮಾಡಿದರು. ಆಗಲೂ ಆಫ್.

"ಮನುಷ್ಯನ ವಿಷಯ ಅಂದ ಮೇಲೆ ಇದು ನಮ್ಮ ಇಲಾಖೆಗೆ ಬರಲ್ಲ," ಅಂದರು ಇನ್ಸ್‌ಪೆಕ್ಟರು, ಸ್ವಲ್ಪ ನೆಮ್ಮದಿಯಿಂದಲೇ. "ಠಾಣೆಗೆ ತಿಳಿಸಬೇಕಾಗುತ್ತೆ."

ಭಾವಮೈದ ಟ್ಯಾಂಕಿನ ಹಿಂದೆ ಓಡಿಹೋಗಿ ಮೇಡಂಗೆ ಫೋನ್ ಮಾಡಿದ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ಫೋನಿನ ಆ ಕಡೆಯಿಂದಲೂ ಅವರು ನಗುತ್ತಿರುವುದು ಕೇಳಿಸುತ್ತಿತ್ತು.

"ನಿಮ್ಮ ಆತಂಕ ನನಗೆ ಅರ್ಥವಾಗುತ್ತೆ," ಅಂದರು ಮೇಡಂ. "ನೋಡಿ, ಹಸಿದವರ ಕೈಗೆ 'ಏನೂ ಇಲ್ಲ' ಅನ್ನೋದನ್ನ ಕೊಡೋಕಾಗಲ್ಲ. ಅವರಿಗೆ ಏನಾದರೂ ಕೊಡಬೇಕು. ಚಿಕ್ಕದಾಗಿರಬೇಕು, ನಂಬೋ ಹಾಗಿರಬೇಕು, ಹೊಣೆ ಒಬ್ಬರು ಹೊರಬೇಕು."

"ಅಂದ್ರೆ ಏನು ಕೊಡಲಿ ಮೇಡಂ?"

"ಅದು ನಿಮ್ಮ ನಿರ್ಧಾರ. ನನಗೆ ಇನ್ನೊಂದು ಕಾಲ್ ಬರ್ತಿದೆ."

ಭಾವಮೈದ ಅಲ್ಲೇ ನಿಂತ. ಈ ಕಡೆ ಇನ್ಸ್‌ಪೆಕ್ಟರು ಠಾಣೆಯ ನಂಬರು ಯಾರ ಹತ್ತಿರ ಇದೆ ಅಂತ ವಿಚಾರಿಸುತ್ತಿದ್ದರು. ಆ ಕಡೆ ಭಾವ ಪ್ಯಾರಾಪೆಟ್ ಗೋಡೆಗೆ ಒರಗಿಕೊಂಡಿದ್ದರು. ಅಕ್ಕ ಅವರ ತೋಳು ಹಿಡಿದುಕೊಂಡಿದ್ದಳು. ಎದುರು ಕಟ್ಟಡದ ಟ್ಯಾಂಕಿನ ಮೇಲೆ ಹಕ್ಕಿಗಳು ಸಾಲಾಗಿ ಕೂತಿದ್ದವು.

ಅವನು ಜನರ ನಡುವೆ ಬಂದ.

"ಪಾರಿವಾಳ," ಅಂದ.

ಎಲ್ಲರೂ ತಿರುಗಿದರು.

"ಪಾರಿವಾಳ ಬಿದ್ದಿತ್ತು. ಮುಚ್ಚಳ ತೆರೆದಿಟ್ಟು ಮರೆತದ್ದು ನಾನು. ಸತ್ತು ತೇಲ್ತಿತ್ತು. ನಾನೇ ತೆಗೆದು ಹಿಂದಿನ ಖಾಲಿ ಜಾಗಕ್ಕೆ ಎಸೆದೆ. ಭಾವನಿಗೆ ಗೊತ್ತಾದ್ರೆ ಮನೆ ಬಿಟ್ಟು ಓಡಿಸ್ತಾರೆ ಅಂತ ಯಾರಿಗೂ ಹೇಳಲಿಲ್ಲ. ಅವರಿಗೆ ಏನೂ ಗೊತ್ತಿಲ್ಲ. ಅಕ್ಕನಿಗೂ ಗೊತ್ತಿಲ್ಲ. ತಪ್ಪೆಲ್ಲ ನಂದೇ."

ಹೇಳುವಾಗ ನಗು ಬರಲಿಲ್ಲ. ಬದಲಿಗೆ ಕಣ್ಣು ತುಂಬಿತು. ನಿಜ ಹೇಳುವಾಗ ಒಮ್ಮೆಯೂ ಬೆಂಬಲಕ್ಕೆ ಬಾರದ ಕಣ್ಣೀರು ಈಗ ಧಾರಾಳವಾಗಿ ಹರಿಯಿತು.

ತಾರಸಿಯ ಮೇಲೆ ದೊಡ್ಡದೊಂದು ನಿಟ್ಟುಸಿರು ಎದ್ದಿತು.

"ಬರೀ ಪಾರಿವಾಳವಾ?" ಅಂದರು ಟೈಲರಮ್ಮ. ಅವರ ಮುಖಕ್ಕೆ ರಕ್ತ ಮರಳಿತು. "ಮೊದಲೇ ಹೇಳಿದ್ರೆ ಆಗ್ತಿರಲಿಲ್ವಾ? ನಾವೇನು ತಿಂದುಬಿಡ್ತಿದ್ವಾ?"

"ನಾನು ಬೆಳಿಗ್ಗೆನೇ ಅಂದುಕೊಂಡೆ, ಪಕ್ಷಿ ಜಾತಿದೇ ಇರಬೇಕು ಅಂತ," ಅಂದರು ನಿನ್ನೆ ನಾಯಿ ಅಂದಿದ್ದವರು.

ಇನ್ಸ್‌ಪೆಕ್ಟರು ಜೇಬಿನಿಂದ ಬಾಟಲಿ ತೆಗೆದರು. "ಪಾರಿವಾಳಕ್ಕೆಲ್ಲ ಲ್ಯಾಬ್ ಬೇಡ. ತೊಳೆದು ಬ್ಲೀಚಿಂಗ್ ಪೌಡರ್ ಹಾಕಿ, ಸಾಕು," ಅಂತ ಮುಚ್ಚಳ ತಿರುಗಿಸಿ ಆ ನೀರನ್ನು ತಾರಸಿಯ ಮೇಲೆ ಚೆಲ್ಲಿದರು. ಏನೂ ಬಿದ್ದಿರಲಿಲ್ಲ ಅನ್ನುವ ಭಾವಮೈದನ ಮಾತನ್ನು ನಿಜ ಅನ್ನಬಹುದಾಗಿದ್ದ ಒಂದೇ ಒಂದು ಬಾಟಲಿ ಅದು. ನೀರು ಬಿಸಿಲಿಗೆ ನೋಡನೋಡುತ್ತಲೇ ಆರಿತು.

ಹೆಡ್‌ಮಾಸ್ಟರಿಗೆ ಮಾತ್ರ ತುಸು ನಿರಾಸೆಯಾಯಿತು. ಕಾರ್ಯದರ್ಶಿಗಳಿಗೆ ಏನೂ ಗೊತ್ತಿರಲಿಲ್ಲ ಅಂದ ಮೇಲೆ ಅವರನ್ನು ಇಳಿಸುವ ಹಾಗಿರಲಿಲ್ಲ. ಆದರೂ ಒಂದು ಶಿಕ್ಷೆ ಅಂತ ಆಗಬೇಕಲ್ಲ. "ನಾಳೆ ಬೆಳಿಗ್ಗೆ ಟ್ಯಾಂಕ್ ಖಾಲಿ ಮಾಡಿಸಿ, ಇವನೇ ಒಳಗಿಳಿದು ತಿಕ್ಕಿ ತೊಳೀಬೇಕು," ಅಂದರು.

"ನಾಳೆ ನನ್ನ ಪರೀಕ್ಷೆ ಇದೆ ಸಾರ್," ಅಂದ ಭಾವಮೈದ. "ನಾಡಿದ್ದು ತೊಳೀತೀನಿ."

"ನಾಡಿದ್ದಿನ ತನಕ ನಾವು ನೀರಿಲ್ಲದೆ ಇರಬೇಕಾ?"

ಯಾರೂ ಅವನ ಪರ ಮಾತಾಡಲಿಲ್ಲ. ಭಾವನೂ ನೆಲ ನೋಡುತ್ತಿದ್ದರು.

ಹೀಗಾಗಿ ಶನಿವಾರ, ಟೈರ್ ಅಂಗಡಿಯ ಮಹಡಿಯಲ್ಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದ ಹೊತ್ತಿನಲ್ಲಿ, ಭಾವಮೈದ ಚಡ್ಡಿ ಹಾಕಿಕೊಂಡು ತೆಂಗಿನನಾರಿನ ಬ್ರಷ್ ಹಿಡಿದು ಟ್ಯಾಂಕಿನ ಒಳಗೆ ಕೂತಿದ್ದ. ಮೊದಲೇ ಶುಭ್ರವಾಗಿದ್ದ ಗೋಡೆಯನ್ನು ತಿಕ್ಕುತ್ತಿದ್ದ. ಮೇಲಿನಿಂದ ಸರದಿಯ ಮೇಲೆ ಒಂದೊಂದು ತಲೆ ಇಣುಕಿ, "ಆ ಮೂಲೆ ಬಿಟ್ಟುಹೋಗಿದೆ ನೋಡಿ," ಅಂತ ತೋರಿಸಿ ಹೋಗುತ್ತಿತ್ತು. ಬ್ಲೀಚಿಂಗ್ ಪೌಡರಿನ ಘಾಟಿಗೆ ಕಣ್ಣು ಉರಿಯುತ್ತಿತ್ತು.

ಮಧ್ಯಾಹ್ನ ಇಣುಕಿದ ತಲೆ ವಾಚ್‌ಮನ್‌ನದು. ಊರಿನಿಂದ ಆಗ ತಾನೇ ಬಂದಿದ್ದ, ಬ್ಯಾಗು ಇನ್ನೂ ಹೆಗಲ ಮೇಲಿತ್ತು. ಕೆಳಗೆ ಅವನನ್ನು ಕಂಡು ಟೈಲರಮ್ಮ ಮಾತೇ ಆಡದೆ ಕೈ ಹಿಡಿದುಕೊಂಡು ಅತ್ತದ್ದು ಯಾಕೆ ಅಂತ ಅವನಿಗೆ ತಿಳಿದಿರಲಿಲ್ಲ.

"ಪಾರಿವಾಳ ಬಿದ್ದಿತ್ತಂತೆ," ಅಂದ ವಾಚ್‌ಮನ್. "ನಾನು ಮುಚ್ಚಳಕ್ಕೆ ಬೀಗ ಹಾಕಿ, ಕೀ ಜೊತೇಲೇ ಊರಿಗೆ ತಗೊಂಡು ಹೋಗಿದ್ನಲ್ಲ ಸಾರ್?"

ಭಾವಮೈದ ಬ್ರಷ್ ಬಿಟ್ಟು ಎದ್ದು ನಿಂತ. ಅವನ ತಲೆ ಮುಚ್ಚಳದ ಬಾಯಿಂದ ಹೊರಗೆ ಬಂತು. "ಇದನ್ನ ಎಲ್ಲರ ಮುಂದೆ ಹೇಳ್ತೀಯೇನಪ್ಪ?"

ವಾಚ್‌ಮನ್ ಜೇಬು ತಡಕಿದ. ಇನ್ನೊಂದು ಜೇಬನ್ನೂ ತಡಕಿದ. "ಹಾಕಿದ್ನಾ? ಇಲ್ಲ ಅನ್ಸುತ್ತೆ. ಬೀಗ ತುಕ್ಕು ಹಿಡಿದಿತ್ತು. ಬೀಗ ಇದ್ದಿದ್ರೆ ಪಾರಿವಾಳ ಹೇಗೆ ಬೀಳುತ್ತೆ, ಅಲ್ವಾ?" ಅಂತ ತನಗೆ ತಾನೇ ಸಮಾಧಾನ ಮಾಡಿಕೊಂಡು ಕೆಳಗಿಳಿದ.

ಸಂಜೆ ಮೇಡಂ ಫೋನ್ ಮಾಡಿದರು. ಪರೀಕ್ಷೆಗೆ ಬಾರದವರಿಗೆ ಮುಂದಿನ ಬ್ಯಾಚಿನ ತನಕ ಅವಕಾಶವಿಲ್ಲ. ಕಣ್ಣಾಸ್ಪತ್ರೆಯವರು ಕಾಯುವುದಿಲ್ಲ ಅಂದದ್ದಕ್ಕೆ ಬೇರೊಬ್ಬರ ಹೆಸರು ಹೇಳಿದ್ದಾಯಿತು. ಪಾರಿವಾಳದ ವಿಷಯ ಕೇಳಿ ಬಹಳ ಮೆಚ್ಚಿಕೊಂಡರು. ಅದನ್ನು ಮುಂದಿನ ಬ್ಯಾಚಿಗೆ ಪಾಠ ಮಾಡುವುದಾಗಿಯೂ ಹೇಳಿದರು.

ರಾತ್ರಿ ಮೂವರೂ ಊಟಕ್ಕೆ ಕೂತರು. ಭಾವಮೈದನ ಬೆರಳುಗಳ ಚರ್ಮ ಸುಲಿದಿತ್ತು; ಅನ್ನ ಕಲಸಿದರೆ ಉರಿಯುತ್ತಿತ್ತು. ಭಾವ ಮೆದುವಾದ ದನಿಯಲ್ಲಿ ಕೇಳಿದರು. ಅಷ್ಟು ಮೆದುವಾಗಿ ಅವರು ಮಾತಾಡಿದ್ದೇ ಅವನಿಗೆ ನೆನಪಿರಲಿಲ್ಲ.

"ಪಾರಿವಾಳ ಬಿದ್ದ ದಿನವೇ ನನಗೆ ಹೇಳಬಾರದಾಗಿತ್ತಾ? ಮನೆಯಿಂದ ಓಡಿಸುವಷ್ಟು ಕಟುಕ ಅಂದುಕೊಂಡಿದ್ದೀಯಾ ನನ್ನನ್ನ?"

ಭಾವಮೈದನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಭಾವ, ಪಾರಿವಾಳ ಇರಲೇ ಇಲ್ಲ. ನಿಮ್ಮನ್ನ ಬಿಡಿಸೋಕೆ ಹೇಳಿದ್ದು. ಗುರುವಾರವೇ ಹೇಳಿದ್ನಲ್ಲ, ಅದು ಬರೀ ಅಭ್ಯಾಸ ಅಂತ."

"ನಮ್ಮ ಮುಂದೆ ಯಾಕೋ ಇದೆಲ್ಲ," ಅಂದರು ಭಾವ. ಸಿಟ್ಟಿರಲಿಲ್ಲ, ನೋವಿತ್ತು. "ಆಗಿದ್ದಾಯ್ತು, ನಾನ್ಯಾವತ್ತೂ ಎತ್ತಾಡಲ್ಲ. ಈ ಮನೇಲಿ ಎಷ್ಟು ದಿನ ಬೇಕಾದ್ರೂ ಇರು." ಎದ್ದು ಕೈ ತೊಳೆಯಲು ಹೋದರು.

ಅವನು ಅಕ್ಕನ ಕಡೆ ತಿರುಗಿದ. "ಅಕ್ಕ, ನಿಂಗಾದ್ರೂ ಗೊತ್ತಲ್ಲ?"

ಅಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು. "ನಿನ್ನನ್ನ ಎತ್ತಿ ಆಡಿಸಿದವಳು ನಾನು. ನಿನಗೆ ಸುಳ್ಳು ಬರಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಷ್ಟು ಜನರ ಮುಂದೆ ಅಷ್ಟು ಅಳ್ತಾ ಹೇಳಿದೆಯಲ್ಲ, ಇಲ್ಲದ್ದನ್ನ ಹಾಗೆ ಹೇಳೋಕೆ ನಿನ್ನ ಕೈಲಿ ಆಗುತ್ತೇನೋ?" ಅವನ ಸುಲಿದ ಬೆರಳುಗಳನ್ನು ನೋಡಿ ಅವಳ ಕಣ್ಣು ಒದ್ದೆಯಾಯಿತು. "ತೇಲ್ತಾ ಇತ್ತು ಅಂದೆಯಲ್ಲ, ಪಾಪ. ದೊಡ್ಡದಾ? ಮರೀನಾ?"

ಭಾವಮೈದ ಅವಳ ಮುಖ ನೋಡಿದ. ಬಚ್ಚಲಿನಲ್ಲಿ ಭಾವ ಕೈ ತೊಳೆಯುವ ನೀರಿನ ಸದ್ದು ಬರುತ್ತಿತ್ತು. ಇನ್ನು ಈ ಲೋಕದಲ್ಲಿ ನಿಜ ಗೊತ್ತಿರುವವನು ತಾನೊಬ್ಬನೇ ಅನ್ನುವುದು ನಿಧಾನವಾಗಿ ಅವನ ಒಳಗೆ ಇಳಿಯಿತು.

"ಮರಿ," ಅಂದ. "ಬೂದುಬಣ್ಣದ್ದು."

ಅಕ್ಕ ನಿಟ್ಟುಸಿರು ಬಿಟ್ಟು, ಅನ್ನದ ಮೇಲೆ ಸಾರು ಬಡಿಸಿದಳು.